ಕರಿಕಾಳು

ಒಳ್ಳೆ ಕಾಳಿನೊಳಗೆ ಕರಿಕಾಳು ಹುಡುಕುವುದು ನನ್ನ ಕೆಲಸ,
ಹದಿನೇಳು ವರ್ಷದಿಂದ, ಕೂಡ್ಲೂರಿನ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ.
ಈಚೆಗೆ ಎಲ್ಲವೂ ಒಂದೇ ಬೂದು.
"ಮೂಸಿ ನೋಡಿ ಆರಿಸ್ತೀಯಾ?" ನಕ್ಕಳು ಸಫಿಯಾ.
ಮೇಸ್ತ್ರಿ ನಗಲಿಲ್ಲ.

ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ, ಇ.ಎಸ್.ಐ. ಎಂದು.
ಕಾರ್ಡಿದೆ. ಅದರಲ್ಲಿ
ನನಗಿಂತ ಚಿಕ್ಕವಳೊಬ್ಬಳ ಫೋಟೊ.
ಬಸ್‌ಸ್ಟ್ಯಾಂಡಿನ ಎದುರಿನವನು ಫ್ರೇಮು ಹೊರತೆಗೆದ,
ಕಾರ್ಡು ತೋರಿಸಿದೆ,
ಫ್ರೇಮು ಒಳಗಿಟ್ಟ.
ಮಾರ್ಕೆಟ್ ರಸ್ತೆಯವನು, "ಇದಕ್ಕೆಲ್ಲ ಮೈಸೂರಿಗೆ ಹೋಗಿ."
ಮೈಸೂರೆಂದರೆ ಒಂದು ದಿನದ ಕೂಲಿ, ಎರಡು ಬಸ್ಸು,
ಕೊನೆಗೊಂದು "ನಾಳೆ ಬನ್ನಿ".

ಯಾರೋ ಅಂದರು: ಸೋಮವಾರಪೇಟೆ ರಸ್ತೆ, ಗೊಬ್ಬರದಂಗಡಿಯ ಮೇಲೆ.
ಹದಿನೆಂಟು ಮೆಟ್ಟಿಲು.
ಕಾಣದವರು ಎಣಿಸುತ್ತಾರೆ.
ದೇಚಮ್ಮ ಅಂತ, ಎಳೆ ಹುಡುಗಿ,
ಕಾರ್ಡು ತಿರುಗಿಸಿ ನಂಬರು ಗೀಚಿಕೊಂಡು
"ಕೂತ್ಕೊಳ್ಳಿ" ಅಂದಳು. ಅಷ್ಟೇ.
ಆ ಮಾತಿಗೇ ಕಣ್ಣು ತುಂಬಿ
ಮೊದಲ ಸಾಲೇ ತಪ್ಪಿತು, ಎಲ್ಲರೂ ಓದುವ ದೊಡ್ಡಕ್ಷರ.

"ಒರೆಸಿಕೊಂಡು ಓದಿ, ಅವಸರ ಇಲ್ಲ."

ಒಂದು ಗಾಜು, ಇನ್ನೊಂದು ಗಾಜು,
ಇದಾ? ಅದಾ? ತಡಿ, ಇದೇ.
ಬಾಗಿ ನಿಂತ ಅವಳ ಬಿಳಿ ಕೋಟಿನಲ್ಲಿ
ಎರಡನೇ ಗುಂಡಿಯ ಪಕ್ಕ
ಕಾಳಿನಷ್ಟೇ ಒಂದು ಕಾಫಿ ಕಲೆ.
ಕೈ ತಾನಾಗಿ ಮುಂದೆ ಹೋಯಿತು
ಆರಿಸಿ ಎಸೆಯಲು.