ಒಂದು ಬೀಡಿಯಷ್ಟು ನೀರು

ಅಸಲ್ಫಾ ಗುಡ್ಡದ ಬುಡಕ್ಕ, ನಸುಕಿನ ನಾಕು ಗಂಟೆಗೆ
ಕಬ್ಬಿಣದ ಮುಚ್ಚಳ ಎತ್ತಿ ಬದಿಗಿಡತೀನಿ.
ನನ್ನೆತ್ತರದ ಚಾವಿ. ಇಳಿಸಿ, ಕಚ್ಚಿಸಿ, ಬಗ್ಗಿ
ತಿರುವತೀನಿ ನಲವತ್ತೆರಡು ಸುತ್ತು.
ಇಪ್ಪತ್ತಾರು ವರ್ಷದಿಂದ ನಲವತ್ತೆರಡ.

ತಿರುವಿ, ಕಟ್ಟಿ ಮ್ಯಾಲ ಕೂತು ಒಂದು ಬೀಡಿ.
ಚಟ ಅಲ್ಲ ಇದು, ಗಡಿಯಾರ, ಅಂತಿದ್ದೆ ಬೋರಮ್ಮಗ.
ಮೊದಲನೇದು ಸುಟ್ಟು ಬೆರಳಿಗೆ ಬರೂದ್ರಾಗ ಕೆಳಗಿನ ಚಾಳು ತುಂಬ್ತದ,
ಎರಡನೇದಕ್ಕ ಮಸೀದಿ ಗಲ್ಲಿ,
ಮೂರನೇದು ಅರ್ಧಕ್ಕ ಬಂದಾಗ
ಗುಡ್ಡದ ನೆತ್ತಿ ಮ್ಯಾಲಿನ ಹಮೀದಾಬಿ ನಳ
ಮೊದಲು ಗಾಳಿ ಉಗುಳಿ, ಕೆಮ್ಮಿ,
ಆಮ್ಯಾಲ ದಾರದಷ್ಟು ನೀರು.
ಮೂರನೇದು ಮುಗೀತು, ಚಾವಿ ಉಲ್ಟಾ.
ಸಾಹೇಬರ ಕಾಗದದಾಗ ಇಷ್ಟು ಗಂಟೆ ಇಷ್ಟು ನಿಮಿಷ ಅಂತ ಬರದದ.
ನನ್ನ ಜೇಬಿನಾಗ ಕಟ್ಟು.

ನಡಾ ಮೊದಲು ಸಣ್ಣಗ ಅಂದಿತು,
ಆಮ್ಯಾಲ ಎಡಗಾಲಿನ ಹಿಂದ ಬಿಸಿ ತಂತಿ ಎಳದಂಗ.
ಚಾವಿದೇ ತಪ್ಪು ಅಂದೆ.
ಘೋಸಾಳಕರ ಅಂದ, ಬೂಟು ಬದಲಸು.
ಬೋರಮ್ಮ ಉಪ್ಪು ಹುರಿದು ಹಳೇ ಸೀರಿ ತುಂಡಿನಾಗ ಕಟ್ಟಿ
ಶಾಖ ಕೊಡತಿದ್ಲು. ನಾ ಬೋರಲ ಮಲಗಿ
ಅಕಿಗೆ ಕಾಣದಂಗ ಮಂಚದ ತುದಿಗೆ ಬೀಡಿ ಹಿಡಿದು.
ಹೊಗಿ ಕಂಡಿತು. ಏನೂ ಅನ್ನಲಿಲ್ಲ.
ಕೈ ಒಂದು ಚಣ ನಿಂತು
ಮತ್ತ ಒತ್ತಿತು, ಜೋರಲೆ.
ಕೆಮ್ಮಿದ್ರ ನಡದೊಳಗ ಯಾರೋ ಸುತ್ತಿಗಿ ಬಡದಂಗ.

ರಾಜಾವಾಡಿ ಆಸ್ಪತ್ರೆ, ನಂಬರ್ ನೂರಾ ಹದಿಮೂರು.
ಡಾಕ್ಟರ್ ಬಾಯಿ ಸಣ್ಣ ಹುಡುಗಿ, ಪೆಡ್ಣೇಕರ ಅಂತ.
ಫಿಲ್ಮು ದೀಪಕ್ಕ ಹಿಡಿದು ಕೇಳಿದ್ಲು: ದಿನಕ್ಕೆಷ್ಟು?
ಗುಂಡಿ ಎಷ್ಟು ತೆಗೀತೀನಿ ಅಂತ ಕೇಳ್ಯಾಳ ಅಂದ್ಕೊಂಡು
ಹದಿನಾಲ್ಕು ಅಂದೆ.
"ಬೀಡಿ, ಕಾಕಾ."
ನಡಾ ನೋಡ್ರಿ ಬಾಯಿ, ಎದಿ ಅಲ್ಲ, ಅಂದೆ.

ಅಕಿ ನಗಲಿಲ್ಲ.
ಎಲುಬು ಎಲುಬಿನ ನಡುವ ಒಂದೊಂದು ಗಾದಿ ಅದ,
ಅದಕ್ಕ ತನ್ನದಂತ ರಕ್ತದ ನಳ ಇಲ್ಲ, ಅಂದ್ಲು.
ಮಗ್ಗಲ ಎಲುಬಿನಿಂದ ಒಸರಿದಷ್ಟು ಕುಡದು ಬದಕಬೇಕು.
ಹೊಗಿ ಆ ಸಣ್ಣ ಸಣ್ಣ ನಾಳ ಹಿಂಡ್ತದ, ಗಾದಿ ಒಣಗ್ತದ,
ಒಣಗಿದ್ದರ ಮ್ಯಾಲ ನಿಮ್ಮ ಚಾವಿ ಭಾರ ಬೀಳ್ತದ.
ಫಿಲ್ಮಿನಾಗ ಮೂರು ಬೆಳ್ಳಗ. ಕೆಳಗಿನೆರಡು ಕರ್ರಗ.

ನೀರಿನ ಮಾತು ನನಗ ಇಷ್ಟು ಬಿಡಿಸಿ ಹೇಳೂ ಜರೂರಿಲ್ಲ.
ತನ್ನ ನಳ ಇಲ್ಲದ ಖೋಲಿ ಕಂಡೀನಿ.
ಮಗ್ಗಲ ಮನಿ ಹಂಡೆ ತುಂಬಿದ ಮ್ಯಾಲ
ಪೈಪು ಈ ಕಡೆ ಒಗೀರಿ ಅಂತ ಕೂಗೂ ದನಿ ಕೇಳೀನಿ.
ನನ್ನೊಳಗೊಬ್ಬಾಕಿ ಹಮೀದಾಬಿ ಇದ್ಲು,
ನೆತ್ತಿ ಮ್ಯಾಲಲ್ಲ, ನಡದಾಗ,
ಕೊಡ ಹಿಡಿದು ಕೂತಾಕಿ.
ಅಕಿಗೆ ದಿನಾ ನಾನ ಚಾವಿ ಉಲ್ಟಾ ತಿರುವೀನಿ
ಕಟ್ಟಿ ಮ್ಯಾಲ ಆರಾಮ ಕೂತು.

ಒಣಗಿದ್ದು ಮತ್ತ ತುಂಬ್ತದೇನ್ರಿ ಬಾಯಿ?
ತುಂಬಂಗಿಲ್ಲ. ಮೂರು ಉಳದಾವ, ಉಳಿಸ್ಕೋರಿ.

ಇವತ್ತಿಗೆ ಹನ್ನೊಂದನೇ ದಿನ.
ಕೈಗೆ ಏನು ಕೆಲಸ ಕೊಡೂದು ತಿಳೀವಲ್ದು.
ಚಾವಿ ಹಿಡಿಕಿಗೆ ಕಿವಿ ಹಚ್ಚಿ ಕೂಡತೀನಿ, ಹಳೇ ಮಂದಿ ಕೂಡತಿದ್ದಂಗ.
ಕಬ್ಬಿಣದಾಗ ನೀರು ಗುಡ್ಡ ಹತ್ತೂ ಸಪ್ಪಳ.
ಕೆಳಗಿನ ಚಾಳು ತುಂಬಿದ ಮ್ಯಾಲ ಅದರ ದನಿ ಬದಲಾಗ್ತದ,
ಇಷ್ಟು ವರ್ಷ ಗೊತ್ತಿರಲಿಲ್ಲ.
ಕೇಳಕೋತ ನಿನ್ನೆ ಹೊತ್ತು ಮೀರಿತು.
ನೆತ್ತಿ ಮ್ಯಾಲಿಂದ ಹಮೀದಾಬಿ ಮೊಮ್ಮಗಳು ಕೂಗಿದ್ಲು:
ಪಿಂಪು ತುಂಬಿತು, ಹಂಡೆ ತುಂಬಿತು,
ಚಾ ಕಾಸೂ ಬೋಗುಣಿನೂ ತುಂಬಿತು!

ಮುಂದಿನ ಗಲ್ಲಿಯವರು ಖಾಲಿ ಕೊಡ ಹಿಡಿದು ಬಂದ್ರು, ಜಗಳಕ್ಕ.
ಘೋಸಾಳಕರ ತನ್ನ ಕಟ್ಟು ಮುಂದ ಮಾಡಿದ:
ಒಂದು ಹಚ್ಚು ಬಾಬಾ, ಟೈಮಾದ್ರೂ ತಿಳೀತದ.
ತಗೊಂಡು ಕಿವಿಗೆ ಸಿಗಿಸೀನಿ.
ಸೇದಿಲ್ಲ. ಇನ್ನಾ ಸೇದಿಲ್ಲ.

ಬಗ್ಗಬೇಕೀಗ. ನಲವತ್ತೆರಡು ಸುತ್ತು, ಉಲ್ಟಾ.