ಮೂರು ಡಿಗ್ರಿ

ಕಾಮಾಕ್ಷಿಪಾಳ್ಯದ ಲೇತುಗಳು ಬಾಯಿ ಮುಚ್ಚಿದ ಮೇಲೆ
ನನ್ನ ಗರಗಸ ಮಾತಿಗೆ ಶುರು.
ಬೀಟೆಯ ಬೆನ್ನಿಗೆ ಹಲಸಿನ ತೆಳು ಹಲಗೆ ಅಂಟಿಸಿ
ಸೂಜಿತೂತಿನಲ್ಲಿ ಬ್ಲೇಡು ಪೋಣಿಸುತ್ತೇನೆ,
ಕುದುರೆ ಬಾಲದ ಒಂದು ಕೂದಲಷ್ಟು.

ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಕಾಲರು ಹೊಲಿದ ಕೈ.
ಸೂಜಿ ಎಲ್ಲಿಗೂ ಹೋಗುವುದಿಲ್ಲ, ಬಟ್ಟೆ ತಿರುಗಬೇಕು.
ಇಲ್ಲೂ ಅಷ್ಟೆ.
ಗಂಟೆಗೆಷ್ಟು ಪೀಸು ಎಂದು ಗದರುವವರಿಲ್ಲ,
ಅದೊಂದೇ ಫರಕು.

ಮೊದಲ ವಾರ ನೆಟ್ಟಗೆ ಕೊಯ್ದೆ.
ಬ್ಲೇಡು ತಿಂದಷ್ಟು ಸಂದು
ಹಕ್ಕಿಯ ಸುತ್ತ ಕಪ್ಪಗೆ ನಿಂತಿತು.
ಗೌಸ್ ಮೇಸ್ತ್ರಿ ಬೀಡಿ ಆರಿಸಿ ಬಂದು
ಮೇಜನ್ನು ಮೂರು ಡಿಗ್ರಿ ವಾರೆ ಮಾಡಿದರು.
'ಸ್ವಲ್ಪ ಓರೆ ಇದ್ರೇನೇ
ಒಂದರೊಳಗೊಂದು ಕೂರೋದು, ಜಯಶೀಲಾ.'
ಯಾರ ಸಂಸಾರದ ಮಾತೋ ಅಂತ ಇಬ್ಬರೂ ನಕ್ಕೆವು.

ಇವತ್ತು ಹೊನ್ನಕ್ಕಿಯ ಕಣ್ಣು.
ರಕ್ತಚಂದನದ ಚೂರು, ರಾಗಿಕಾಳಿನಷ್ಟು,
ಚಿಮಟದಿಂದ ಚಿಮ್ಮಿ ಎಲ್ಲಿ ಹೋಯಿತೋ.
ಮರದ ಹೊಟ್ಟನ್ನೆಲ್ಲ ಗುಡಿಸಿ
ಜರಡಿ ಹಿಡಿದೆ, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ,
ಅಷ್ಟರಲ್ಲಿ ಕರೆಂಟು ಹೋಯಿತು.
ಮೊಬೈಲಿನ ಬೆಳಕಲ್ಲಿ ಇನ್ನೊಂದನ್ನು
ಚಾಕುವಿನಲ್ಲೇ ಕೆತ್ತಿ, ಉಜ್ಜಿ, ಉಸಿರು ಬಿಗಿಹಿಡಿದು ಕೂರಿಸಿದೆ.
ಇಷ್ಟು ಹೊತ್ತು ಮರವಾಗಿದ್ದದ್ದು
ಥಟ್ಟನೆ ನನ್ನನ್ನು ನೋಡಿತು.

ಮನೆಗೆ ಬಂದು ಜಡೆ ಬಿಚ್ಚಿದರೆ
ನೆಲದ ಮೇಲೆ ಟಿಕ್ ಎಂದು
ಒಂದು ಕೆಂಪು ರಾಗಿಕಾಳು.
ಎತ್ತಿ ಬೆಂಕಿಪೊಟ್ಟಣದಲ್ಲಿಟ್ಟೆ.
ಇನ್ನು ಅದಕ್ಕೊಂದು ಹಕ್ಕಿ ಹುಡುಕಬೇಕು.