ಆಸ್ಪ್ರಿನಿಯೋ

ನಮ್ಮ ಆವೆರ್ಸಾ ಸೀಮೆಯಲ್ಲಿ ದ್ರಾಕ್ಷಿ ನೆಲದ ಮಾತು ಕೇಳುವುದಿಲ್ಲ.
ಪಾಪ್ಲರ್ ಮರಕ್ಕೆ ಕಟ್ಟಿಕೊಟ್ಟ ಹೆಣ್ಣು ಅದು,
ಗಂಡನ ಹೆಗಲೇರಿ ಕೂತು
ನಲವತ್ತಡಿ ಮೇಲಿಂದ ಕಾಲು ಅಲ್ಲಾಡಿಸುತ್ತದೆ.

ಏಣಿ ಅಂಗಡಿಯಲ್ಲಿ ಸಿಗುವುದಲ್ಲ.
ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ
ಬಡಗಿ ತಮ್ಮಾರೋ ನೂಲು ಹಿಡಿದು
ಕ್ರೆಶೆಂತ್ಸೋನ ಮೊಣಕಾಲು ಅಳೆದಿದ್ದ.
ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ ಅಷ್ಟೇ ಸಂದು:
ಮಂಡಿ ಸಿಕ್ಕಿಸಿ ನಿಂತರೆ
ಎರಡೂ ಕೈ ಹಣ್ಣಿಗೆ.
ಮದುವೆಯ ಕೋಟಿಗೂ ಅಷ್ಟು ಅಳತೆ ಆಗಿರಲಿಲ್ಲ.
ಅದು ಅವನ ಅಣ್ಣನದು, ತೋಳು ಉದ್ದ.

ನಾನು ಕೆಳಗಿನವಳು.
ಹಗ್ಗ ಹಿಡಿದು, ಕತ್ತು ಮೇಲೆತ್ತಿ
ನಲವತ್ತೊಂದು ಸುಗ್ಗಿ.
ಇಳಿಯುವ ಬುಟ್ಟಿಗೆ ಬುಡ ಚೂಪು,
ಬಂದದ್ದೇ ಬುಗುರಿಯ ಮೊಳೆಯಂತೆ ಮಣ್ಣಿಗೆ ನಾಟಿ ನಿಲ್ಲುತ್ತದೆ.
ಒಮ್ಮೆ ನನ್ನ ಪಾದದಿಂದ ನಾಲ್ಕೇ ಬೆರಳು ಆಚೆ.
ಅವನು ಮೇಲಿಂದ ಮೇರಿಯಮ್ಮನನ್ನು ಕರೆದ,
ನಾನು ಕೆಳಗಿಂದ ಅವನ ಅಮ್ಮನನ್ನು.

ಎಲೆಯೊಳಗೆ ಬೂಟು ಮಾತ್ರ ಕಾಣುತ್ತಿತ್ತು, ದನಿ ಪೂರ್ತಿ.
"ಏನು ಕಾಣುತ್ತೆ?" ಅಂತ ಕೂಗುತ್ತಿದ್ದೆ.
"ಸಮುದ್ರ."
"ವೆಸೂವಿಯೋ ಇವತ್ತು ಟೋಪಿ ಹಾಕಿಕೊಂಡಿದೆ."
"ಪಾದ್ರಿ ಬಟ್ಟೆ ಒಣಹಾಕ್ತಿದ್ದಾನೆ, ಕಾಲುಚೀಲ ತೂತು."
"ನೇಪಲ್ಸಿನ ರೈಲು. ಕಿಟಕಿಯಲ್ಲಿ ಒಬ್ಬಳು, ಹಸಿರು ಸ್ಕಾರ್ಫು."
ನಾನು ನಂಬಿದೆ.
ಎಮ್ಮೆ ಕರೆಯುವಾಗ, ಚೀಸಿಗೆ ನೀರು ಕಾಯಿಸುವಾಗ
ಆ ಹಸಿರು ಸ್ಕಾರ್ಫಿನವಳು ಎಲ್ಲಿಳಿದಳೋ ಎಂದು ಯೋಚಿಸಿದೆ.

ಈ ಹಣ್ಣನ್ನೇ ಕಂಡಿರಬೇಕು ಆ ನರಿ.
ಎಲ್ಲರೂ ಅದಕ್ಕೆ ನಗುತ್ತಾರೆ, ಎಟುಕಲಿಲ್ಲ, ಹುಳಿ ಅಂದಿತು ಅಂತ.
ನಮ್ಮೂರಿಗೆ ಬಂದು ನೋಡಲಿ.
ಏರಿ, ಕಿತ್ತು, ಇಳಿಸಿ, ಹಿಂಡಿ,
ಮನೆಯಡಿ ಹಳದಿ ಕಲ್ಲು ಕೊರೆದ ಗವಿಯಲ್ಲಿ
ಆರು ತಿಂಗಳು ತಣ್ಣಗೆ ಮಲಗಿಸಿದರೂ
ಹುಳಿಯೇ.
ಮೊದಲ ಗುಟುಕಿಗೆ ಒಂದು ಕಣ್ಣು ತಾನಾಗಿ ಮುಚ್ಚುತ್ತದೆ,
ದವಡೆಯ ಮೂಲೆಯಲ್ಲಿ ಯಾರೋ ಎಳೆ ನಿಂಬೆ ಸೀಳಿದ ಹಾಗೆ.
ಎರಡನೆಯದಕ್ಕೆ ನಾಲಿಗೆ ಸರಿದು ಜಾಗ ಕೊಡುತ್ತದೆ.
ನರಿ ಸುಳ್ಳು ಹೇಳಲಿಲ್ಲ.
ಮೂರನೆಯ ಗುಟುಕಿಗೆ ಕಾಯಲಿಲ್ಲ, ಅಷ್ಟೆ.

ಹೋದ ಚಳಿಗಾಲ ಡಾಕ್ಟರು
ಅವನ ಬಲಮಂಡಿ ತೆಗೆದು ಲೋಹದ್ದು ಕೂರಿಸಿದರು.
ಲೋಹದ ಮಂಡಿ ತಮ್ಮಾರೋನ ಅಳತೆಗೆ ಒಪ್ಪುವುದಿಲ್ಲ.
ಬೇರೆ ಅಳತೆ ತೆಗೆಯಲು ತಮ್ಮಾರೋ ಇಲ್ಲ.
ಈ ಸೆಪ್ಟೆಂಬರ್ ಮೊಮ್ಮಗಳು ಫೋರ್ತುನಾ ಏರಿದಳು.
ಕಾಲು ಗಿಡ್ಡ,
ಮೆಟ್ಟಿಲಿಗೆಲ್ಲ ಹಳೆಯ ಟವೆಲ್ ಸುತ್ತಿ ಸಂದು ಕಿರಿದು ಮಾಡಿದೆವು.
ಅವನು ನನ್ನ ಪಕ್ಕ ಕುರ್ಚಿಯಲ್ಲಿ,
ಮೊದಲ ಸಲ ಕೆಳಗಿನವನು,
"ಎಡಕ್ಕೆ, ಎಡಕ್ಕೆ" ಎಂದು ಮರಕ್ಕೇ ಬೈಯುತ್ತ.

ಅಭ್ಯಾಸಬಲ, ಕೂಗಿದೆ: "ಏನು ಕಾಣುತ್ತೆ ಮಗಳೇ?"
"ಏನಿಲ್ಲ ಅಜ್ಜಿ. ಎಲೆ. ಬರೀ ಎಲೆ."
"ಸಮುದ್ರ?"
"ಇಲ್ಲಿಂದಲಾ? ಮುಂದೆ ಇನ್ನೊಂದು ಮರ ಇದೆಯಲ್ಲ."

ಅವನು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ.
ಕಟ್ಟಿಯೇ ಇತ್ತು.

ಬುಟ್ಟಿ ಇಳಿಯಿತು, ನಾಟಿತು.
ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಬಲಗಣ್ಣು ಮುಚ್ಚಿತು.
"ಆ ರೈಲಿನವಳ ಸ್ಕಾರ್ಫು," ಅಂದೆ,
"ಹಸಿರೋ, ನೀಲಿಯೋ?"

ಅವನು ತಲೆ ಎತ್ತಲಿಲ್ಲ.
"ಹಸಿರು," ಅಂದ.
ಸ್ವಲ್ಪ ಹೊತ್ತಿನ ಮೇಲೆ,
"ಅಂಚು ನೀಲಿ."